ಎಲೆಕ್ಟ್ರಾನಿಕ್ ಹಾಕಿಸಿದರೆ ಟೈಮಿಂಗ್ ನೋಡುವುದೇ ಬೇಡವೇ?

"ಎಲೆಕ್ಟ್ರಾನಿಕ್ ಸಾರ್, ಇನ್ಮೇಲೆ ಟೈಮಿಂಗ್ ನೋಡೋ ಹಾಗೇ ಇಲ್ಲ." ಕಳೆದ ಎಂಟು ತಿಂಗಳಲ್ಲಿ ಎರಡು ಗ್ಯಾರೇಜುಗಳಲ್ಲಿಯೂ ಬಿಡಿಭಾಗ ಮಾರುವ ಒಂದು ಅಂಗಡಿಯಲ್ಲಿಯೂ ಈ ಮಾತನ್ನು ಕೇಳಿ ಕೇಳಿ ನನ್ನ ಸಹನೆ ತೀರಿದೆ. ಟೈಮಿಂಗ್ ಎಂದರೆ ಎಂಜಿನ್ನಿನೊಳಗೆ ಪೆಟ್ರೋಲು ಹೊತ್ತಿಸುವ ಕಿಡಿ ಯಾವ ಕ್ಷಣಕ್ಕೆ ಬೀಳಬೇಕೆಂಬ ಹೊಂದಾಣಿಕೆ; ಎಲೆಕ್ಟ್ರಾನಿಕ್ ಎಂದರೆ ಆ ಕಿಡಿಯನ್ನು ಸೆನ್ಸರಿನಿಂದ ಹೊಡೆಸುವ ವ್ಯವಸ್ಥೆ. ಇನ್ನು ಅದನ್ನು ನೋಡುವುದೇ ಬೇಡವೆಂಬ ಮಾತು ಸುಳ್ಳು. ಇದನ್ನು ನಂಬಿದ್ದಕ್ಕೆ ನಮ್ಮ ಮನೆಯ ಕಾರು ಒಂದು ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ತಲೆಭಾಗದ ಕೆಳಗಿನ ಸೀಲು) ಕಳೆದುಕೊಂಡಿತು, ಎಪ್ಪತ್ತೆಂಟು ವರ್ಷದ ನಮ್ಮ ತಾಯಿ ಆಗುಂಬೆ ಘಾಟಿಯ ತಿರುವಿನಲ್ಲಿ ಎರಡು ಗಂಟೆ ಕಾಲ ಕಲ್ಲಿನ ಮೇಲೆ ಕುಳಿತಿರಬೇಕಾಯಿತು.

ನಮ್ಮದು 1984ರ ಮಾರ್ಕ್ 4 ಅಂಬಾಸಿಡರ್, ತಂದೆಯವರು ಕೊಂಡದ್ದು. ಅದರ 1489 ಸಿಸಿ ಪೆಟ್ರೋಲ್ ಎಂಜಿನ್ ಬ್ರಿಟನ್ನಿನ ಬಿಎಂಸಿ ಕಂಪನಿಯ ಹಳೆಯ ವಿನ್ಯಾಸ; ಸರಿಯಾಗಿ ನೋಡಿಕೊಂಡರೆ ಮೊಮ್ಮಕ್ಕಳ ಕಾಲಕ್ಕೂ ಓಡುವಂಥದ್ದು. ಈ ಕಾರು ತಯಾರಾಗುತ್ತಿದ್ದ ಬಂಗಾಳದ ಉತ್ತರಪಾರಾದ ಕಾರ್ಖಾನೆ 2014ರಲ್ಲಿ ನಿಂತ ಮೇಲೆ ಒಳ್ಳೆಯ ಸಿಬಿ ಪಾಯಿಂಟು (ತೆರೆದು ಮುಚ್ಚುತ್ತ ಕಿಡಿ ಹೊಡೆಸುವ ಲೋಹದ ತುಟಿಗಳ ಜೋಡಿ) ಸಿಗುವುದು ಕಷ್ಟವಾಗುತ್ತ ಬಂತು. ಈಗ ಪೇಟೆಯಲ್ಲಿ ಸಿಗುವ ಪಾಯಿಂಟುಗಳ ಹಿಮ್ಮಡಿ ಕೆಲವೇ ತಿಂಗಳಲ್ಲಿ ಸವೆದು, ಗ್ಯಾಪ್ ಕಿರಿದಾಗಿ, ಕಿಡಿ ತಡವಾಗಿ ಬೀಳತೊಡಗುತ್ತದೆ. ಆ ಕಾಟ ತಪ್ಪಲೆಂದೇ ಹಣ ಹೊಂದಿಸಿ, ಪಾಯಿಂಟಿನ ಬದಲು ಒಳಗೆ ಅಯಸ್ಕಾಂತದ ಸೆನ್ಸರ್ ಇರುವ ಇಡೀ ಹೊಸ ಡಿಸ್ಟ್ರಿಬ್ಯೂಟರನ್ನೇ (ಪ್ಲಗ್ಗುಗಳಿಗೆ ಸರದಿಯಂತೆ ಕಿಡಿಯ ಕರೆಂಟು ಹಂಚುವ ಭಾಗ) ತರಿಸಿದೆ.

ಈ ಸೆನ್ಸರ್ ಮಾಡುವ ಉಪಕಾರ ಒಂದೇ: ಸವೆಯುವ ಭಾಗ ಇಲ್ಲದ ಕಾರಣ, ಒಮ್ಮೆ ಕೂರಿಸಿದ ಟೈಮಿಂಗ್ ಸರಿದು ಹೋಗುವುದಿಲ್ಲ. ಆದರೆ ಡಿಸ್ಟ್ರಿಬ್ಯೂಟರಿನ ದೇಹವನ್ನು ಎಂಜಿನ್ನಿನ ಮೇಲೆ ಯಾವ ಕೋನದಲ್ಲಿ ಬಿಗಿಯಬೇಕೆಂಬುದನ್ನು ಅದು ತಾನಾಗಿ ಅರಿಯಲಾರದು. ಆ ಕೆಲಸ ಮನುಷ್ಯನದೇ, ಸ್ಪ್ಯಾನರ್ ಹಿಡಿದವನದೇ. ತಪ್ಪು ಕೋನದಲ್ಲಿ ಬಿಗಿದರೆ ಆ ತಪ್ಪೂ ಒಂದಿಷ್ಟೂ ಅಲುಗದೆ ವರ್ಷಗಟ್ಟಲೆ ಹಾಗೆಯೇ ಉಳಿಯುತ್ತದೆ. ಹಾಗಿರುವಾಗ ಎಲೆಕ್ಟ್ರಾನಿಕ್ ಹಾಕಿಸಿದ ದಿನವೇ ಟೈಮಿಂಗನ್ನು ಎಂದಿಗಿಂತ ಹೆಚ್ಚು ಎಚ್ಚರದಿಂದ ನೋಡಬೇಕಲ್ಲವೇ?

ಮೊದಲ ಗ್ಯಾರೇಜಿನ ಮೇಸ್ತ್ರಿ ಹೊಸ ಡಿಸ್ಟ್ರಿಬ್ಯೂಟರ್ ಕೂರಿಸಿ, ಎಂಜಿನ್ ಸ್ಟಾರ್ಟ್ ಮಾಡಿಸಿ, ಕಣ್ಣು ಮುಚ್ಚಿ ಸದ್ದು ಆಲಿಸುತ್ತ ಅದರ ದೇಹವನ್ನು ಅತ್ತಿತ್ತ ತಿರುಗಿಸಿದರು. ಎಲ್ಲಿ ಎಂಜಿನ್ ಚುರುಕಾಗಿ ಓಡಿತೋ ಅಲ್ಲಿಗೆ ಬಿಗಿದು ಕೈ ಒರೆಸಿಕೊಂಡರು. ನಿಂತ ಗಾಡಿಯಲ್ಲಿ, ಭಾರವಿಲ್ಲದ ಎಂಜಿನ್ನಿಗೆ ಕಿಡಿಯನ್ನು ಬೇಗ ಬೀಳಿಸಿದಷ್ಟೂ ವೇಗ ಏರುತ್ತದೆ, ಆದ್ದರಿಂದ ಕಿವಿಯನ್ನೇ ನಂಬಿದ ಕೈ ಕಿಡಿ ಅಗತ್ಯಕ್ಕಿಂತ ಬೇಗ ಬೀಳುವ ಕಡೆಗೆ ಹೋಗಿ ನಿಲ್ಲುತ್ತದೆ. ನಮ್ಮ ಗಾಡಿಗೂ ಅದೇ ಆಯಿತು. ಬೆಳಿಗ್ಗೆ ಸ್ಟಾರ್ಟರ್ ತಿರುಗುವಾಗ ಎಂಜಿನ್ ಹಿಂದಕ್ಕೆ ಒದೆಯುತ್ತಿತ್ತು, ಏರು ಹತ್ತುವಾಗ ನಾಲ್ಕನೇ ಗೇರಿನಲ್ಲಿ ಡಬ್ಬದೊಳಗೆ ಗೋಲಿ ಅಲ್ಲಾಡಿಸಿದಂತೆ ನಾಕಿಂಗ್ ಕೇಳುತ್ತಿತ್ತು.

ಎರಡನೆಯ ಗ್ಯಾರೇಜಿನಲ್ಲಿ ಪಾಯಿಂಟು ಕಾಲದ ವಿಧಾನವನ್ನು ಇದಕ್ಕೂ ಹಚ್ಚಿದರು. ಪಾಯಿಂಟು ಇದ್ದಾಗ ಕೀ ಆನ್ ಮಾಡಿ, ಕಾಯಿಲಿಗೆ (ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಹುಟ್ಟಿಸುವ ಸುರುಳಿ) ಬಲ್ಬ್ ಸಿಕ್ಕಿಸಿ, ಪಾಯಿಂಟು ಬಿಚ್ಚಿಕೊಂಡ ಕ್ಷಣ ಬಲ್ಬ್ ಹೊತ್ತುವುದನ್ನು ನೋಡಿ ಬಿಗಿಯುವುದು ಒಳ್ಳೆಯ ಪದ್ಧತಿಯೇ. ಇಲ್ಲಿ ಬಿಚ್ಚಿಕೊಳ್ಳುವ ಪಾಯಿಂಟೇ ಇಲ್ಲ. ಎಂಜಿನ್ ಓಡದೆ ಕೀ ಆನ್ ಆಗಿಯೇ ಇದ್ದರೆ ಕಾಯಿಲ್ ಮತ್ತು ಸೆನ್ಸರಿನ ಜೊತೆಗಿರುವ ಎಲೆಕ್ಟ್ರಾನಿಕ್ ಮಾಡ್ಯೂಲ್ ಎರಡೂ ಬಿಸಿಯೇರುತ್ತವೆ; ಅವರು ಬಲ್ಬಿನ ದಾರಿ ಕಾಯುತ್ತ ಅರ್ಧ ಗಂಟೆ ಹಾಗೆಯೇ ಬಿಟ್ಟರು, ಮಾಡ್ಯೂಲ್ ಸುಟ್ಟುಹೋಯಿತು. ಹೊಸ ಮಾಡ್ಯೂಲಿನ ಹಣ ನಾನೇ ಕೊಟ್ಟೆ. ಆಮೇಲೆ ನಾಕಿಂಗ್ ಬಾರದಿರಲೆಂದು ಡಿಸ್ಟ್ರಿಬ್ಯೂಟರನ್ನು ಅಂದಾಜಿನ ಮೇಲೆ ಹಿಂದಕ್ಕೆ ತಿರುಗಿಸಿ, "ಈಗ ಬೆಣ್ಣೆ ಹಾಗಿದೆ ಸಾರ್" ಎಂದು ಕಳಿಸಿದರು. ಸದ್ದು ನಿಜಕ್ಕೂ ನಯವಾಗಿತ್ತು. ಪಿಕಪ್ ಮಾತ್ರ ಸತ್ತಿತ್ತು.

ಉಡುಪಿಯಿಂದ ಶಿವಮೊಗ್ಗಕ್ಕೆ ಮರಳುವಾಗ ಸೋಮೇಶ್ವರ ದಾಟಿ ಘಾಟಿ ಹತ್ತತೊಡಗಿದೆವು. ಹದಿನಾಲ್ಕು ತಿರುವುಗಳಲ್ಲಿ ಏಳನೆಯದಕ್ಕೆ ಬರುವಷ್ಟರಲ್ಲಿ ಬಾನೆಟ್ಟಿನ ಅಂಚಿನಿಂದ ಹಬೆ ಏಳುತ್ತಿತ್ತು. ಕಿಡಿ ತಡವಾದರೆ ಪೆಟ್ರೋಲು ಪಿಸ್ಟನ್ನನ್ನು ತಳ್ಳುವ ಹೊತ್ತಿನಲ್ಲಿ ಪೂರ್ತಿ ಉರಿಯದೆ, ಎಕ್ಸಾಸ್ಟ್ ವಾಲ್ವಿನ ಕಡೆ ಸಾಗುವಾಗಲೂ ಉರಿಯುತ್ತಿರುತ್ತದೆ. ಆ ಕಾವೆಲ್ಲ ಹೆಡ್ಡಿಗೂ ರೇಡಿಯೇಟರ್ ನೀರಿಗೂ ಇಳಿಯುತ್ತದೆ. ಹೆಡ್ ಗ್ಯಾಸ್ಕೆಟ್ ಹೋದದ್ದು ಅಲ್ಲಿಯೇ. ಲಾರಿಯವರೊಬ್ಬರು ಹಗ್ಗ ಕಟ್ಟಿ ಆಗುಂಬೆಯವರೆಗೆ ಎಳೆದು ತಂದು ಬಿಟ್ಟರು, ಅವರಿಗೆ ನಾವು ಋಣಿಗಳು. ಗಾಡಿಯನ್ನು ಮರಳಿ ಅದೇ ಎರಡನೆಯ ಗ್ಯಾರೇಜಿಗೆ ಒಪ್ಪಿಸಿದೆ, ಗ್ಯಾಸ್ಕೆಟ್ ಬದಲಿಸಿ ಕೊಟ್ಟರು.

ಪಿಕಪ್ ಆಗಲೂ ಬರಲಿಲ್ಲ. ಕೊನೆಗೆ ನಾನೇ ಟೈಮಿಂಗ್ ಲೈಟ್ (ಕಿಡಿ ಬಿದ್ದಾಗಲೆಲ್ಲ ಮಿಂಚುವ ದೀಪ) ಕೊಂಡು ತಂದೆ. ಕ್ರ್ಯಾಂಕ್, ಅಂದರೆ ಎಂಜಿನ್ನಿನ ಮುಖ್ಯ ದಂಡದ ಪುಲ್ಲಿಯ ಮೇಲೆ ಪಿಸ್ಟನ್ ತುದಿ ಮುಟ್ಟಿದ್ದನ್ನು ತೋರಿಸುವ ಗೀರನ್ನು ಹುಡುಕಲು ಗಾಡಿಯ ಕೆಳಗೆ ಮಲಗಿ ನೋಡಿದರೆ, ಪುಲ್ಲಿಯ ಮೇಲೂ ಟೈಮಿಂಗ್ ಕವರಿನ ಮುಳ್ಳಿನ ಮೇಲೂ ಬೆರಳು ದಪ್ಪದ ಜಿಡ್ಡು, ಅದರ ಮೇಲೆ ಹಳೆಯ ಕೆಂಧೂಳು, ಎಲ್ಲಿಯೂ ಒಂದು ಉಗುರಿನ ಗುರುತೂ ಇಲ್ಲದೆ ಗಟ್ಟಿಯಾಗಿ ಕೂತಿತ್ತು. ಅಂದರೆ ಇಷ್ಟು ತಿಂಗಳಲ್ಲಿ, ಹಣ ಪಡೆದ ಒಬ್ಬರೂ ಆ ಗೀರನ್ನು ನೋಡಿಯೇ ಇರಲಿಲ್ಲ. ಸಿಟ್ಟಿನಿಂದ ನನ್ನ ಕೈ ನಡುಗಿತು. ಸೀಮೆಎಣ್ಣೆ ಹಚ್ಚಿ ಜಿಡ್ಡು ಕೆರೆದು, ಗೀರಿಗೆ ಬಿಳಿ ಬಣ್ಣ ತುಂಬಿ, ಮೊದಲನೆಯ ಪ್ಲಗ್ಗಿನ ವೈರಿಗೆ ಲೈಟಿನ ಕ್ಲಿಪ್ ಹಾಕಿ, ಕಾರ್ಬೊರೇಟರಿನಿಂದ ಬರುವ ವ್ಯಾಕ್ಯೂಮ್ ನಳಿಕೆಯನ್ನು ಬಿಚ್ಚಿ ಬಾಯಿ ಮುಚ್ಚಿ, ವೇಗ ಏರಿದಂತೆ ಕಿಡಿಯನ್ನು ಬೇಗ ಬೀಳಿಸುವ ಡಿಸ್ಟ್ರಿಬ್ಯೂಟರಿನೊಳಗಿನ ತೂಕಗಳು ಹಾರದಂತೆ ಎಂಜಿನ್ನಿನ ವೇಗವನ್ನು ಕೆಳಗಿಳಿಸಿ ಲೈಟ್ ಬಿಟ್ಟೆ. ಬಿಳಿ ಗೀರು ಮುಳ್ಳನ್ನು ದಾಟಿದ ಮೇಲೆ ಮಿನುಗುತ್ತಿತ್ತು: ಪಿಸ್ಟನ್ ತುದಿ ಮುಟ್ಟಿ ಕೆಳಗಿಳಿಯತೊಡಗಿದ ಮೇಲೆ ಕಿಡಿ. ನಿಮಿಷಕ್ಕೆ 3000 ಸುತ್ತಿನಲ್ಲಿ ಕ್ರ್ಯಾಂಕ್ ಒಂದು ಮಿಲಿಸೆಕೆಂಡಿಗೆ 18 ಡಿಗ್ರಿ ತಿರುಗುತ್ತದೆ. ಪೆಟ್ರೋಲು ಹೊತ್ತಿ ಹರಡಲು ಬೇಕಾದ ಸಮಯ ಕೊಡಲೆಂದೇ ಕಿಡಿ ತುದಿಗಿಂತ ಮೊದಲೇ ಬೀಳಬೇಕೆಂದು ಕೈಪಿಡಿ ಡಿಗ್ರಿಗಳಲ್ಲಿ ಬರೆದಿರುತ್ತದೆ.

ಅಂದಾಜು ಇಲ್ಲಿ ಏಕೆ ಸಲ್ಲದೆಂದರೆ, ಡಿಸ್ಟ್ರಿಬ್ಯೂಟರ್ ತಿರುಗುವುದು ಕ್ರ್ಯಾಂಕಿನ ಅರ್ಧ ವೇಗದಲ್ಲಿ. ಅದರ ದೇಹವನ್ನು 1 ಡಿಗ್ರಿ ಸರಿಸಿದರೆ ಕ್ರ್ಯಾಂಕಿನ ಲೆಕ್ಕದಲ್ಲಿ 2 ಡಿಗ್ರಿ. ದೇಹ 60 ಮಿಲಿಮೀಟರ್ ಅಗಲವಿದ್ದರೆ, ಅಂಚಿನಲ್ಲಿ ಒಂದೇ ಮಿಲಿಮೀಟರ್ ಜರುಗಿದರೂ ಸುಮಾರು 4 ಡಿಗ್ರಿ ಬದಲಾಗುತ್ತದೆ. ಹಳೆಯ ಡಿಸ್ಟ್ರಿಬ್ಯೂಟರಿನಲ್ಲಿ ನವಿರಾಗಿ ಸರಿಸಲು ಹಲ್ಲಿನ ನಟ್ಟೊಂದು ಇತ್ತು, ನಾನು ಕೊಂಡದ್ದರಲ್ಲಿ ಅದೂ ಇಲ್ಲ. ಇಂಥದ್ದನ್ನು ಯಾರ ಕಿವಿ ಅಳೆಯುತ್ತದೆ? ಗೀರು ನೋಡಿ ಕೂರಿಸಿದ ಮೇಲೆ, ಇಂದಿನ ಎಥೆನಾಲ್ ಬೆರೆಸಿದ ಪೆಟ್ರೋಲಿಗೆ ತಕ್ಕಂತೆ ಏರಿನಲ್ಲಿ ಓಡಿಸಿ ಒಂದೆರಡು ಡಿಗ್ರಿ ಹೊಂದಿಸಲು ಅನುಭವಿ ಕಿವಿ ಬೇಕು, ಅದನ್ನು ನಾನು ಗೌರವದಿಂದಲೇ ಒಪ್ಪುತ್ತೇನೆ. ಮೊದಲು ಗೀರು, ಆಮೇಲೆ ಕಿವಿ.

ಮಾರಿದ ಅಂಗಡಿಯವರ ಮೇಲೆಯೂ ನನಗೆ ಅಷ್ಟೇ ಕೋಪವಿದೆ. ಪೆಟ್ಟಿಗೆಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಕಾಯಿಲಿನ ಪ್ರತಿರೋಧ ಎಷ್ಟು ಓಮ್ ಇರಬೇಕು, ತಾಮ್ರದ ಎಳೆಯ ಪ್ಲಗ್ ವೈರ್ ಬದಲು ರೆಸಿಸ್ಟರ್ ವೈರ್ ಏಕೆ ಹಾಕಬೇಕು, ಎಂಜಿನ್ ನಿಂತಾಗ ಕೀ ಆನ್ ಬಿಡಬಾರದು, ಟೈಮಿಂಗ್ ಲೈಟಿನಿಂದಲೇ ನೋಡಬೇಕು ಎಂಬ ನಾಲ್ಕು ಸಾಲನ್ನು ಕನ್ನಡದಲ್ಲಿ ಮುದ್ರಿಸಿ ಇಟ್ಟಿದ್ದರೆ ಆ ಮಾಡ್ಯೂಲೂ ಉಳಿಯುತ್ತಿತ್ತು, ಗ್ಯಾಸ್ಕೆಟ್ಟೂ ಉಳಿಯುತ್ತಿತ್ತು. ಕೇಳಿದ್ದಕ್ಕೆ ಅವರೂ ಹೇಳಿದ್ದು ಅದೇ ಮಾತು, ಎಲೆಕ್ಟ್ರಾನಿಕ್ ಸಾರ್, ಏನೂ ನೋಡೋದು ಬೇಡ.

ಕ್ಲ್ಯಾಂಪ್ ಸಡಿಲಿಸಿ, ಕೂದಲೆಳೆಯಷ್ಟು ಬಲಕ್ಕೆ ತಿರುಗಿಸಿ, ಮತ್ತೆ ಲೈಟ್ ಬಿಟ್ಟು ನೋಡುತ್ತ, ಕೈಪಿಡಿಯ ಅಂಕಿಗೆ ತಂದು ಬಿಗಿಯಲು ನನಗೆ ಹಿಡಿದದ್ದು ಇಪ್ಪತ್ತು ನಿಮಿಷ. ಗಾಡಿ ಈಗ ಏರಿನಲ್ಲಿ ನಾಕಿಂಗ್ ಇಲ್ಲದೆ, ಬಿಸಿಯೇರದೆ ಹತ್ತುತ್ತಿದೆ. ಗ್ಯಾಸ್ಕೆಟ್ ಬದಲಿಸಿದಾಗಿನ ಬಿಲ್ಲನ್ನು ನಿನ್ನೆ ತೆಗೆದು ಓದಿದೆ. ಅದರ ಕೊನೆಯ ಸಾಲಿನಲ್ಲಿ "ಟೈಮಿಂಗ್ ಸೆಟ್ಟಿಂಗ್, 600 ರೂಪಾಯಿ" ಎಂದಿದೆ. ಆ ಹಣ ಮರಳಿ ಕೇಳಲು ಸೋಮವಾರ ಹೋಗುತ್ತಿದ್ದೇನೆ. ಜಿಡ್ಡು ಕೆರೆಯುವ ಮುನ್ನ ತೆಗೆದ ಪುಲ್ಲಿಯ ಫೋಟೋ ನನ್ನ ಬಳಿ ಇದೆ.