ಕೊಳ ತುಂಬುತ್ತಾ ಬಂತು: ಒತ್ತೊತ್ತು ರ್ಯಾಕ್ ಹಾಕಬಹುದೇ?

ಅಣುಸ್ಥಾವರದಲ್ಲಿ ಉರಿದು ಮುಗಿದ ಇಂಧನವನ್ನು ಆಳವಾದ ನೀರಿನ ಕೊಳದಲ್ಲಿ, ರ್ಯಾಕ್‌ಗಳಲ್ಲಿ ಇಡುತ್ತಾರೆ. ಕೊಳ ತುಂಬುತ್ತಾ ಬಂದರೆ ಹಳೆ ರ್ಯಾಕ್ ತೆಗೆದು, ಅಷ್ಟೇ ಜಾಗದಲ್ಲಿ ಜಾಸ್ತಿ ಇಂಧನ ಹಿಡಿಸುವ ಹೊಸ ರ್ಯಾಕ್ ಹಾಕುವುದು ಒಂದು ದಾರಿ. ಅದು ಸರಿಯೇ? ದಾವಣಗೆರೆಯ ಒಬ್ಬ ಮೇಷ್ಟ್ರು ಪರವಾಗಿ ಬರೆದಿದ್ದಾರೆ. ಅದನ್ನು ಓದಿದ ಚಳ್ಳಕೆರೆಯ ಗೆಳೆಯರೊಬ್ಬರು ವಿರೋಧವಾಗಿ ಬರೆದಿದ್ದಾರೆ.

ಪರ: ಇರುವ ಕೊಳವನ್ನು ಪೂರ್ತಿ ಬಳಸಿ

ಹರಿಹರದ ಪಕ್ಕ ಗುತ್ತೂರಿನಲ್ಲಿ 400 ಕೆವಿಯ ದೊಡ್ಡ ವಿದ್ಯುತ್ ಕೇಂದ್ರ ಇದೆ. ಕೈಗಾದಿಂದ ಹೊರಟ ಲೈನು ಅಲ್ಲಿಗೆ ಬರುತ್ತದೆ. ನಮ್ಮ ಅಕ್ಕಿ ಗಿರಣಿ, ಪಂಪ್‌ಸೆಟ್ಟು, ಆಸ್ಪತ್ರೆಗಳ ಕರೆಂಟಿನಲ್ಲಿ ಅಣುವಿದ್ಯುತ್ತಿನ ಪಾಲೂ ಇದೆ. ಕರೆಂಟು ಉರಿಸಿದ ಮೇಲೆ ಉಳಿದ ಇಂಧನವನ್ನು ಎಲ್ಲಿಡುತ್ತಾರೆ ಅಂತ ಕೇಳುವ ಹೊಣೆಯೂ ನಮ್ಮದೇ. ಅದಕ್ಕೇ ಈ ವಿಷಯ ಎತ್ತಿಕೊಂಡಿದ್ದೇನೆ.

ಮೊದಲು ಕೊಳ ಏನು ಮಾಡುತ್ತದೆ ಅಂತ ನೋಡಿ. ರಿಯಾಕ್ಟರಿನಿಂದ ಹೊರಬಂದ ಇಂಧನ ವಿಪರೀತ ಬಿಸಿ. ವಿಕಿರಣವೂ ಭಯಂಕರ. ನೀರು ಎರಡನ್ನೂ ತಡೆಯುತ್ತದೆ. ಇಂಧನದ ಮೇಲೆ ಏಳು ಮೀಟರಿನಷ್ಟು ನೀರು ನಿಂತಿದ್ದರೆ, ಕೊಳದ ಅಂಚಿನಲ್ಲಿ ಮನುಷ್ಯ ನಿಂತು ಕೆಲಸ ಮಾಡಬಹುದು.

ರ್ಯಾಕಿನ ಕೆಲಸ ಬೇರೆ. ಅದು ಅಂತರ ಕಾಯುತ್ತದೆ. ತಾರಾಪುರದ ಹಳೆಯ ಎರಡು ಘಟಕಗಳಲ್ಲಿ, ಕೂಡಂಕುಳಂನಲ್ಲಿ ಬಳಸುವುದು ಸಾಂದ್ರಗೊಳಿಸಿದ, ಅಂದರೆ ಸುಲಭವಾಗಿ ಸೀಳುವ ಅಂಶವನ್ನು ಹೆಚ್ಚಿಸಿದ ಯುರೇನಿಯಂ. ಬಳಸಿದ ಮೇಲೂ ಅದರಲ್ಲಿ ಸ್ವಲ್ಪ ಕಸುವು ಉಳಿದಿರುತ್ತದೆ. ನೀರಿನಲ್ಲಿ ಅಂಥ ಇಂಧನವನ್ನು ತೀರಾ ಹತ್ತಿರ ಇಟ್ಟರೆ ಸರಣಿ ಕ್ರಿಯೆ ಶುರುವಾಗುವ ಅಪಾಯ ಇದೆ. ಹಳೆ ರ್ಯಾಕ್‌ಗಳು ದೂರ ಇಟ್ಟೇ ಇದನ್ನು ತಪ್ಪಿಸುತ್ತಿದ್ದವು. ಹೊಸ ರ್ಯಾಕಿನಲ್ಲಿ ಪ್ರತಿ ಖಾನೆಯ ಗೋಡೆಗೂ ಬೋರಾನ್ ಇರುವ ಹಲಗೆ ಕೂರಿಸುತ್ತಾರೆ. ಬೋರಾನ್ ನ್ಯೂಟ್ರಾನ್‌ಗಳನ್ನು ನುಂಗಿಬಿಡುತ್ತದೆ. ಹಾಗಾಗಿ ಅಂತರ ಕಡಿಮೆ ಮಾಡಬಹುದು.

ನಮ್ಮ ಕೈಗಾದ ಕಥೆ ಇನ್ನೂ ಸುಲಭ. ಅಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕಗಳು. ಬಳಸುವುದು ಸಹಜ ಯುರೇನಿಯಂ, ಅರ್ಧ ಮೀಟರ್ ಉದ್ದದ ಬಂಡಲ್‌ಗಳಲ್ಲಿ. ಪೂರ್ತಿ ಸಾಮರ್ಥ್ಯದಲ್ಲಿ ಓಡುವ ಒಂದು ಘಟಕದಿಂದ ದಿನಕ್ಕೆ ಎಂಟರ ಆಸುಪಾಸು ಬಂಡಲ್ ಹೊರಬರುತ್ತವೆ. ಲೆಕ್ಕಕ್ಕೆ ಇದು ಬಹಳ. ಆದರೆ ಸಹಜ ಯುರೇನಿಯಂ ಅನ್ನು ಸಾಮಾನ್ಯ ನೀರಿನಲ್ಲಿ ಎಷ್ಟೇ ಒತ್ತಿಟ್ಟರೂ ಸರಣಿ ಕ್ರಿಯೆ ಹತ್ತಿಕೊಳ್ಳುವುದಿಲ್ಲ. ಅಲ್ಲಿ ನೋಡಬೇಕಾದದ್ದು ಬಿಸಿ, ತೂಕ, ಜಾಗ ಇಷ್ಟೇ.

ಇದು ಹೊಸ ಪ್ರಯೋಗವೂ ಅಲ್ಲ. 1977ರಲ್ಲಿ ಅಮೆರಿಕ ಇಂಧನದ ಮರುಸಂಸ್ಕರಣೆ, ಅಂದರೆ ಬಳಸಿದ ಇಂಧನದಿಂದ ಮತ್ತೆ ಉಪಯೋಗಕ್ಕೆ ಬರುವ ಭಾಗ ಬೇರ್ಪಡಿಸುವುದನ್ನು ಕೈಬಿಟ್ಟ ಮೇಲೆ ಅಲ್ಲಿನ ಸ್ಥಾವರಗಳು ಒಂದಾದ ಮೇಲೊಂದು ರ್ಯಾಕ್ ಬದಲಿಸಿದವು. ನಮ್ಮಲ್ಲಿ ತಾರಾಪುರದವರಿಗೂ ಇದೇ ಕಷ್ಟ ಬಂತು. ಅಲ್ಲಿಯ ಇಂಧನ ಅಮೆರಿಕದ ಒಪ್ಪಂದದ ಮೇಲೆ ಬಂದದ್ದು. ಅದನ್ನು ಮರುಸಂಸ್ಕರಿಸಲು ಅವರ ಒಪ್ಪಿಗೆ ಬೇಕಿತ್ತು, ಅದು ಸಿಗಲಿಲ್ಲ. ಇಂಧನ ಕೊಳದಲ್ಲೇ ಉಳಿಯಿತು. ಒತ್ತೊತ್ತು ರ್ಯಾಕ್ ಹಾಕಿ ಜಾಗ ಮಾಡಿಕೊಂಡರು, ಆಮೇಲೆ ಸ್ಥಾವರದಿಂದ ಬೇರೆಯಾಗಿ ಸಂಗ್ರಹಾಗಾರ ಕಟ್ಟಿದರು.

ಕೆಲಸ ಹೇಗೆ ನಡೆಯುತ್ತದೆ ಅಂತ ತಿಳಿದರೆ ಭಯ ಅರ್ಧ ಇಳಿಯುತ್ತದೆ. ಕೊಳದ ನೀರು ಖಾಲಿ ಮಾಡುವುದಿಲ್ಲ. ಒಂದು ಭಾಗದ ಇಂಧನವನ್ನು ನೀರಿನ ಒಳಗೇ ಇನ್ನೊಂದು ಕಡೆಗೆ ಸರಿಸುತ್ತಾರೆ. ಖಾಲಿಯಾದ ರ್ಯಾಕನ್ನು ಕ್ರೇನಿನಲ್ಲಿ ಎತ್ತುತ್ತಾರೆ. ಒಂದು ಭಾಗ ಕೈಕೊಟ್ಟರೂ ಹೊರೆ ಬೀಳದಂಥ ಕ್ರೇನ್ ಇದಕ್ಕೆ ಬೇಕು. ಎತ್ತಿದ ಹೊರೆ ಇಂಧನದ ಮೇಲೆ ಹಾಯದಂತೆ ದಾರಿ ಗುರುತು ಮಾಡಿರುತ್ತಾರೆ. ಮೇಲೆ ಬಂದ ರ್ಯಾಕನ್ನು ಜೋರು ನೀರಿನಲ್ಲಿ ತೊಳೆದು, ಕತ್ತರಿಸಿ, ಕಡಿಮೆ ಮಟ್ಟದ ತ್ಯಾಜ್ಯವಾಗಿ ಕಟ್ಟಿಡುತ್ತಾರೆ. ಹೊಸ ರ್ಯಾಕ್ ಇಳಿಸುವ ಮೊದಲು ಕೊಳದ ನೆಲ ಆ ತೂಕ ತಡೆಯುತ್ತದೆಯೇ, ಭೂಕಂಪವಾದರೆ ರ್ಯಾಕ್ ಎಷ್ಟು ಜಾರೀತು, ಎಲ್ಲ ಲೆಕ್ಕ ಹಾಕಬೇಕು.

ಇನ್ನೊಂದು ಮಾತು ಜನರಿಗೆ ಗೊತ್ತೇ ಇರುವುದಿಲ್ಲ. ರ್ಯಾಕ್ ಬದಲಿಸುವುದು ಜಾಗಕ್ಕಾಗಿ ಮಾತ್ರವಲ್ಲ. ಅಮೆರಿಕದಲ್ಲಿ ಬೋರಾಫ್ಲೆಕ್ಸ್ ಅನ್ನುವ ಹಾಳೆಯನ್ನು ರ್ಯಾಕ್ ಗೋಡೆಗಳಲ್ಲಿ ಬಳಸಿದ್ದರು. ವಿಕಿರಣ ತಾಗಿ ಅದು ಕುಗ್ಗಿತು, ಬಿರುಕು ಬಿಟ್ಟಿತು, ನೀರಿನಲ್ಲಿ ಕರಗತೊಡಗಿತು. ಸಿಕ್ಕಿಬಿದ್ದದ್ದು ಹೇಗೆ? ಹಾಳೆಯಲ್ಲಿದ್ದ ಸಿಲಿಕಾ ಕೊಳದ ನೀರಿನಲ್ಲಿ ಏರುತ್ತಿತ್ತು. ಹಾಳೆಯದೇ ತುಂಡುಗಳನ್ನು ಕೊಳದಲ್ಲಿ ತೂಗುಬಿಟ್ಟು, ಆಗಾಗ ತೆಗೆದು ಪರೀಕ್ಷೆ ಮಾಡುವ ಪದ್ಧತಿಯೂ ಇತ್ತು. ಈಗ ಅಲ್ಯುಮಿನಿಯಂ ಜೊತೆ ಬೋರಾನ್ ಕಾರ್ಬೈಡ್ ಬೆರೆಸಿದ ಹಲಗೆ ಬಂದಿದೆ. ಸವೆದ ರ್ಯಾಕನ್ನು ಹಾಗೇ ಬಿಡುವುದು ಅಪಾಯ. ಬದಲಿಸುವುದೇ ಸುರಕ್ಷೆ.

ಹಾಗಾದರೆ ಇಂಧನವನ್ನು ಹೊರಗೆ ಸಾಗಿಸಬಾರದೇ? ಸಾಗಿಸಲಿ. ಆದರೆ ಒಣ ಪೆಟ್ಟಿಗೆಗೆ, ಅಂದರೆ ಡ್ರೈ ಕ್ಯಾಸ್ಕಿಗೆ ತುಂಬುವ ಮೊದಲೂ ಇಂಧನ ಸಾಮಾನ್ಯವಾಗಿ ಕೆಲವು ವರ್ಷ ನೀರಿನಲ್ಲಿ ಆರಲೇಬೇಕು. ಹೊರಗಿನ ಸಂಗ್ರಹಾಗಾರಕ್ಕೆ ಜಾಗ, ಅನುಮತಿ, ಅಹವಾಲು ಸಭೆ ಎಲ್ಲ ಬೇಕು. ಕೂಡಂಕುಳಂ ವಿಷಯದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲೇ ಐದು ವರ್ಷದ ಗಡುವು ಕೊಟ್ಟಿತ್ತು. ಗಡುವು ಮುಂದೆ ಹೋಯಿತು. ಅಷ್ಟರಲ್ಲಿ ಕೊಳ ತುಂಬಿದರೆ ಸ್ಥಾವರ ನಿಲ್ಲಿಸಬೇಕು. ತುರ್ತು ಬಂದಾಗ ರಿಯಾಕ್ಟರಿನ ಅಷ್ಟೂ ಇಂಧನ ಇಳಿಸಲು ಜಾಗ ಖಾಲಿ ಇರಲೇಬೇಕಲ್ವಾ? ನಿಂತ ಸ್ಥಾವರದ ಬದಲು ಉರಿಯುವುದು ರಾಯಚೂರು, ಬಳ್ಳಾರಿಯ ಕಲ್ಲಿದ್ದಲು.

ಭಾರತಕ್ಕೆ ಈ ಇಂಧನ ಕಸವೂ ಅಲ್ಲ. 1964ರಲ್ಲಿ ಟ್ರಾಂಬೆಯಲ್ಲಿ ಶುರುವಾದ ಮರುಸಂಸ್ಕರಣೆ ಆಮೇಲೆ ತಾರಾಪುರ, ಕಲ್ಪಾಕ್ಕಂಗೂ ಬಂತು. ಕೊಳ ಅಂದರೆ ಅಲ್ಲಿಗೆ ಹೋಗುವ ಮುಂಚೆ ಕಾಯುವ ಜಾಗ. ಕಾಯುವ ಜಾಗ ದೊಡ್ಡದಾದರೆ ಆತುರದ ತೀರ್ಮಾನ ತಪ್ಪುತ್ತದೆ.

ವಿರೋಧ: ಸವೆದದ್ದನ್ನು ಬದಲಿಸಿ, ಸಂಖ್ಯೆ ಏರಿಸಬೇಡಿ

ಮೇಷ್ಟ್ರೇ, ಸವೆದ ರ್ಯಾಕ್ ಬದಲಿಸಬೇಕು ಅನ್ನುವ ನಿಮ್ಮ ಮಾತಿಗೆ ನನ್ನ ತಕರಾರಿಲ್ಲ. ನನ್ನ ತಕರಾರು ಎಣಿಕೆಯದು. ಬದಲಿಸುವ ನೆಪದಲ್ಲಿ ಅದೇ ಕೊಳಕ್ಕೆ ಎರಡರಷ್ಟು ಇಂಧನ ಇಳಿಸಬಾರದು.

ನಿಮ್ಮ ಲೆಕ್ಕವೆಲ್ಲ ಕೊಳದಲ್ಲಿ ನೀರು ಇರುವವರೆಗೆ ಸರಿ. ನೀರು ಹೋದರೆ? ಇಂಧನದ ಕೊಳವೆಗಳು ಜಿರ್ಕೋನಿಯಂ ಮಿಶ್ರಲೋಹದವು. ಇತ್ತೀಚೆಗೆ ಇಳಿಸಿದ ಇಂಧನದ ಸುತ್ತ ನೀರಿಲ್ಲದಿದ್ದರೆ ಆ ಲೋಹ ಕಾದು, ಗಾಳಿಯಲ್ಲೇ ಹೊತ್ತಿಕೊಳ್ಳಬಹುದು. ಹಳೆ ರ್ಯಾಕ್‌ಗಳು ತೆರೆದ ಚೌಕಟ್ಟಿನವು. ನೀರಿಳಿದರೂ ಅಕ್ಕಪಕ್ಕದಿಂದ ಗಾಳಿ ನುಗ್ಗಿ ಸ್ವಲ್ಪ ತಂಪು ಮಾಡುತ್ತಿತ್ತು. ಹೊಸವು ನಾಲ್ಕೂ ಕಡೆ ಮುಚ್ಚಿದ ಪೆಟ್ಟಿಗೆಗಳು. ಗಾಳಿ ಕೆಳಗಿನಿಂದಲೇ ಬರಬೇಕು. ತಳದಲ್ಲಿ ಸ್ವಲ್ಪ ನೀರು ಉಳಿದಿದ್ದರೆ ಆ ದಾರಿಯೂ ಕಟ್ಟಿತು. ದಾವಣಗೆರೆ ಎಪಿಎಂಸಿಯಲ್ಲಿ ಹಸಿ ಮೆಕ್ಕೆಜೋಳದ ಚೀಲಗಳನ್ನು ಸಂದಿಲ್ಲದೆ ಒಟ್ಟಿದರೆ ಒಳಗೆ ಕಾವು ಏರುತ್ತದೆ ಅಂತ ಹಮಾಲಿ ಅಣ್ಣಂದಿರಿಗೆ ಚೆನ್ನಾಗಿ ಗೊತ್ತು. ಇಲ್ಲಿ ಕಾವು ಏರಿದರೆ ಹೊರಬರುವುದು ವಿಕಿರಣ ಸೂಸುವ ಸೀಸಿಯಂ-137. ಅದು ಅರ್ಧಕ್ಕೆ ಇಳಿಯಲು 30 ವರ್ಷ ಬೇಕು. ಕೊಳದಲ್ಲಿ ಇಂಧನ ಎಷ್ಟು ಜಾಸ್ತಿಯೋ, ನೆಲಕ್ಕೆ ಬೀಳಬಹುದಾದ ವಿಷವೂ ಅಷ್ಟು ಜಾಸ್ತಿ.

ಕೈಗಾದ ಬಂಡಲ್‌ಗಳು ಅಷ್ಟು ಬಿಸಿಯಲ್ಲ, ಒಪ್ಪುತ್ತೇನೆ. ಆದರೆ ನೀವೇ ಹೇಳಿದ ತಾರಾಪುರ, ಕೂಡಂಕುಳಂಗೆ ಈ ಮಾತು ನೇರವಾಗಿ ಅನ್ವಯಿಸುತ್ತದೆ.

ಫುಕುಶಿಮಾ ನೋಡಿ. ನಾಲ್ಕನೇ ಘಟಕದ ರಿಯಾಕ್ಟರಿನ ಇಂಧನವನ್ನೆಲ್ಲ 2010ರ ಕೊನೆಯಲ್ಲಿ ಕೊಳಕ್ಕೆ ಇಳಿಸಿದ್ದರು. 2011ರ ಮಾರ್ಚ್ 11ರಂದು ಸುನಾಮಿ ಬಂದಾಗ ಆ ಕೊಳದಲ್ಲಿ 1,535 ಇಂಧನ ಕಟ್ಟುಗಳಿದ್ದವು. ನಾಲ್ಕು ದಿನಕ್ಕೆ ಕಟ್ಟಡ ಸ್ಫೋಟಿಸಿತು. ಕೊಳ ಬತ್ತಿದೆಯೋ ಏನೋ ಅಂತ ಜಗತ್ತೇ ಹೆದರಿ ಕೂತಿತ್ತು. ಕೊಳ ಉಳಿಯಿತು, ನಿಜ. ಪಕ್ಕದ ರಿಯಾಕ್ಟರ್ ಬಾವಿಯಲ್ಲಿ ಆ ಹೊತ್ತಿಗೆ ನೀರು ತುಂಬಿತ್ತು. ಅದು ಗೇಟಿನ ಸಂದಿನಿಂದ ಕೊಳಕ್ಕೆ ಹರಿದು ಬಂತು. ಹಾಗೆ ಆಗಲಿ ಅಂತ ಯಾರೂ ಯೋಜಿಸಿರಲಿಲ್ಲ. ಅದೇ ಸ್ಥಾವರದಲ್ಲಿ ಒಂಬತ್ತು ಒಣ ಕ್ಯಾಸ್ಕ್‌ಗಳೂ ಇದ್ದವು. ಸುನಾಮಿ ಆ ಕಟ್ಟಡಕ್ಕೂ ನುಗ್ಗಿತು. ಪಂಪು, ಕರೆಂಟು ಯಾವುದೂ ಇಲ್ಲದೆ ಅವುಗಳೊಳಗಿನ ಇಂಧನ ಕ್ಷೇಮವಾಗಿತ್ತು. ನಾಲ್ಕನೇ ಕೊಳ ಖಾಲಿ ಮಾಡಲು 2014ರ ಡಿಸೆಂಬರ್ ಬಂತು.

ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳ 2006ರ ವರದಿಯೂ ಕೊಳಕ್ಕಿಂತ ಒಣ ಕ್ಯಾಸ್ಕಿಗೆ ಸಹಜ ಅನುಕೂಲಗಳಿವೆ ಅಂದಿತು. ಬಿಸಿ ಇಂಧನದ ಸುತ್ತ ತಣ್ಣಗಾದ ಇಂಧನ ಇಡಿ ಅಂತಲೂ ಸಲಹೆ ಕೊಟ್ಟಿತು. ಅಲ್ಲಿನ ನಿಯಂತ್ರಣ ಆಯೋಗ 2014ರಲ್ಲಿ ಬೇಗ ಕ್ಯಾಸ್ಕಿಗೆ ಸಾಗಿಸಿ ಅಂತ ಕಡ್ಡಾಯ ಮಾಡಲಿಲ್ಲ, ಅದೂ ಗೊತ್ತು. ಖರ್ಚಿಗೆ ತಕ್ಕ ಲಾಭ ಕಾಣಲಿಲ್ಲ ಅನ್ನುವುದು ಅವರ ವಾದ. ಅಪಘಾತದ ಸಾಧ್ಯತೆ ತೀರಾ ಕಡಿಮೆ ಅಂತ ಹಿಡಿದರೆ ಯಾವ ಮುನ್ನೆಚ್ಚರಿಕೆಯೂ ದುಬಾರಿಯಾಗಿಯೇ ಕಾಣುತ್ತದೆ. ನಾನು ಆ ಲೆಕ್ಕ ಒಪ್ಪುವುದಿಲ್ಲ.

ಈಗ ನಿಮ್ಮ ಗಟ್ಟಿ ವಾದಕ್ಕೆ ಬರುತ್ತೇನೆ, ಸಮಯ ಸಿಗುತ್ತದೆ ಅನ್ನುವುದಕ್ಕೆ. ಆ ಸಮಯ ಏನಾಗುತ್ತದೆ? ಅಮೆರಿಕ ಸರ್ಕಾರ 1998ರ ಜನವರಿಯೊಳಗೆ ಸ್ಥಾವರಗಳಿಂದ ಇಂಧನ ಒಯ್ಯಲು ಶುರು ಮಾಡುತ್ತೇನೆ ಅಂತ ಕಾನೂನಿನಲ್ಲೇ ಬರೆದುಕೊಂಡಿತ್ತು. ಒಯ್ಯಲಿಲ್ಲ. ಇಂಧನವನ್ನು ಶಾಶ್ವತವಾಗಿ ಹೂಳಲು 1987ರಲ್ಲಿ ಆರಿಸಿದ ಯಕ್ಕಾ ಬೆಟ್ಟದ ಯೋಜನೆ ನಿಂತೇ ಹೋಯಿತು. ರ್ಯಾಕ್ ಬದಲಿಸಿದ ಕೊಳಗಳೂ ತುಂಬಿದವು. ವರ್ಜೀನಿಯಾದ ಸರಿ ಸ್ಥಾವರ 1986ರಲ್ಲಿ ಒಣ ಕ್ಯಾಸ್ಕ್ ಶುರು ಮಾಡಿತು, ಉಳಿದವೂ ಒಂದೊಂದಾಗಿ ಅದೇ ದಾರಿ ಹಿಡಿದವು. ಕ್ಯಾಸ್ಕಿಗೆ ಹೋಗುವುದು ಹೇಗೂ ತಪ್ಪಲಿಲ್ಲ. ನಡುವೆ ಕೊಳಗಳು ಮಾತ್ರ ಕಿಕ್ಕಿರಿದು ತುಂಬಿದವು. ಕೂಡಂಕುಳಂ ಗಡುವು ಜಾರಿದ್ದನ್ನು ನೀವು ರ್ಯಾಕಿನ ಪರವಾಗಿ ಹೇಳಿದಿರಿ. ಹೆಚ್ಚುವರಿ ಜಾಗ ಸಿಗುತ್ತದೆ ಅನ್ನುವ ಧೈರ್ಯ ಇದ್ದಾಗಲೇ ಗಡುವು ಜಾರುವುದು ಅಂತ ನನಗೆ ಕಾಣುತ್ತದೆ.

ಕೊಳದ ಕೆಲಸ ಮಾಡುವವರ ಬಗ್ಗೆಯೂ ಮಾತಾಡಬೇಕು. ಉದ್ದ ಹಿಡಿಯ ಉಪಕರಣ ಎಟುಕದ ಕಡೆ ಮುಳುಗುಗಾರರನ್ನೇ ನೀರಿಗೆ ಇಳಿಸಿದ ಉದಾಹರಣೆಗಳಿವೆ. ಇಂಧನದಿಂದ ಎಷ್ಟು ದೂರದಲ್ಲಿರಬೇಕು ಅನ್ನುವುದರಲ್ಲಿ ಒಂದೆರಡು ಮೀಟರ್ ತಪ್ಪಿದರೂ ಅವರ ಮೈಗೆ ತಾಗುವ ವಿಕಿರಣ ಎಷ್ಟೋ ಪಟ್ಟು ಏರುತ್ತದೆ. ಕಟ್ಟುನಿಟ್ಟು ಇದ್ದ ಕಡೆಯೂ ಎಡವಟ್ಟು ಆಗುತ್ತದೆ. ಕೈಗಾದಲ್ಲೇ 1994ರಲ್ಲಿ ಕಟ್ಟುತ್ತಿದ್ದ ಗುಮ್ಮಟದ ಒಳಪದರ ಕಳಚಿ ಬಿತ್ತು. 2009ರಲ್ಲಿ ಕುಡಿಯುವ ನೀರಿನ ಕೂಲರಿಗೆ ವಿಕಿರಣ ಸೂಸುವ ಟ್ರಿಟಿಯಂ ಬೆರೆತು 50ಕ್ಕೂ ಹೆಚ್ಚು ಕೆಲಸಗಾರರ ದೇಹ ಸೇರಿತು. ಯಾವ ಕೆಲಸವನ್ನು ಮಾಡದೇ ಇರಬಹುದೋ, ಅದಕ್ಕೆ ಜನರನ್ನು ಒಡ್ಡಬಾರದು.

ಜಾಗ ಎಲ್ಲಿಂದ ತರುತ್ತೀರಿ ಅಂತ ನೀವು ಕೇಳಬಹುದು. ನಮ್ಮ ಚಳ್ಳಕೆರೆಯ ಅಮೃತ್ ಮಹಲ್ ಕಾವಲಿನಲ್ಲಿ ಸಾವಿರಾರು ಎಕರೆ ವಿಜ್ಞಾನ, ರಕ್ಷಣೆಯ ಯೋಜನೆಗಳಿಗೆ ಹೋಗಿದೆ. ದನ, ಕುರಿ ಮೇಯಿಸುವವರು ಬೇಲಿ, ಗೋಡೆ ಏಳುವುದನ್ನು ನೋಡಿ ವಿಷಯ ತಿಳಿದುಕೊಂಡರು. ಕೊನೆಗೆ ಅದು ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು. ಅಂಥ ನೋವು ಮತ್ತೊಂದು ಊರಿಗೆ ಬರಲಿ ಅಂತ ನಾನು ಹೇಳುತ್ತಿಲ್ಲ. ಒಣ ಕ್ಯಾಸ್ಕಿಗೆ ಸ್ಥಾವರದ ಬೇಲಿಯ ಒಳಗೇ ಒಂದು ಗಟ್ಟಿ ಕಾಂಕ್ರೀಟ್ ನೆಲ ಸಾಕು. ಯಾರ ಹುಲ್ಲುಗಾವಲೂ ಬೇಡ.

ಇನ್ನೊಂದು, ಮಾಹಿತಿ. ಅಣುಶಕ್ತಿ ನಿಯಂತ್ರಣ ಮಂಡಳಿಗೆ ಸ್ವತಂತ್ರ ಕಾನೂನಿನ ಬಲ ಇಲ್ಲ ಅಂತ 2012ರಲ್ಲಿ ಸಿಎಜಿ ಎಚ್ಚರಿಸಿತ್ತು. ಅಂದಿನ ಆ ಮಾತಿನ ಹಿಂದಿದ್ದ ಪ್ರಶ್ನೆ ಸರಳ: ಸ್ಥಾವರ ನಡೆಸುವವರನ್ನು ಪ್ರಶ್ನಿಸುವ ಬಲ ಯಾರಿಗಿದೆ? ಕೈಗಾ ಹತ್ತಿರದ ಕದ್ರಾ, ಮಲ್ಲಾಪುರದ ಜನರಿಗೆ ಪಕ್ಕದ ಕೊಳ ಎಷ್ಟು ತುಂಬಿದೆ ಅಂತ ತಿಳಿಯುವ ಹಕ್ಕು ಬೇಡವೇ? ಕೈಗಾದಲ್ಲಿ 700 ಮೆಗಾವ್ಯಾಟಿನ ಇನ್ನೆರಡು ಘಟಕಗಳು ಬರಲಿವೆ. ಅಲ್ಲಿ ಕೊಳಗಳೂ ಹೆಚ್ಚುತ್ತವೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಪ್ರತಿ ಕೊಳದಲ್ಲಿ ಎಷ್ಟು ಜಾಗ, ಎಷ್ಟು ತುಂಬಿದೆ ಅಂತ ವರ್ಷಕ್ಕೊಮ್ಮೆ ಕನ್ನಡದಲ್ಲೇ ಪ್ರಕಟಿಸಿ. ಸಾಕಷ್ಟು ಆರಿದ ಇಂಧನವನ್ನು ಕೊಳದಿಂದ ಎತ್ತಿ ಒಣ ಕ್ಯಾಸ್ಕಿಗೆ ಹಾಕಿ. ರ್ಯಾಕ್ ಬದಲಿಸಲು ಅರ್ಜಿ ಬಂದರೆ, ಅದರ ಜೊತೆಗೇ ಕ್ಯಾಸ್ಕ್ ಯಾವ ವರ್ಷ, ಎಲ್ಲಿ ನಿಲ್ಲುತ್ತದೆ ಅನ್ನುವ ಕಾಗದವೂ ಬರಬೇಕು. ಅದು ಬರದಿದ್ದರೆ ಅರ್ಜಿಯನ್ನು ವಾಪಸ್ ಕಳಿಸಬೇಕು.