ಸ್ಪಷ್ಟನೆ: ಸ್ವೇ ಬಾರ್ ಬುಷ್‌ಗೆ ಎಂಜಿನ್ ಆಯಿಲ್ ಬಿಡಬೇಡಿ

"ಹಂಪ್ ದಾಟುವಾಗ ಕಾರಿನ ಮುಂದುಗಡೆ ಕಿರ್ ಕಿರ್ ಅಂದ್ರೆ ಸ್ವೇ ಬಾರ್ ಬುಷ್‌ಗೆ ಎಂಜಿನ್ ಆಯಿಲ್ ಬಿಡಿ. ಬದಲಾಯಿಸೋದಾದ್ರೆ ಅದೇ ಮಾಡೆಲ್‌ನ ಯಾವ ಬುಷ್ ಆದ್ರೂ ನಡೆಯುತ್ತೆ." ಈ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಎರಡೂ ತಪ್ಪು. (ಸ್ವೇ ಬಾರ್ ಅಂದರೆ ತಿರುವಿನಲ್ಲಿ ಕಾರು ಹೆಚ್ಚು ವಾಲದಂತೆ ಎಡ-ಬಲ ಚಕ್ರಗಳ ಸಸ್ಪೆನ್ಷನ್ ಜೋಡಿಸುವ ಉಕ್ಕಿನ ಸರಳು. ಅದನ್ನು ಕಾರಿನ ತಳಕ್ಕೆ ಹಿಡಿದಿಡುವ ಮೆತ್ತೆಯೇ ಬುಷ್.)

ಎಣ್ಣೆ ಬಿಟ್ಟರೆ ನಾಲ್ಕು ದಿನ ಸದ್ದು ನಿಲ್ಲಬಹುದು, ನಿಜ. ಆದರೆ ಕಂಪನಿಯಿಂದ ಬರುವ ಬುಷ್ ಸಾಮಾನ್ಯವಾಗಿ ರಬ್ಬರ್‌ನದು. ಎಂಜಿನ್ ಆಯಿಲ್ ತಾಗಿದರೆ ನೈಸರ್ಗಿಕ ರಬ್ಬರ್ ಊದಿಕೊಂಡು ಮೆತ್ತಗಾಗುತ್ತದೆ. ಬೆರಳಲ್ಲಿ ಒತ್ತಿದರೆ ಪಿಚಕ್ಕನೆ ಒಳಗೆ ಹೋಗುತ್ತದೆ. ಆಮೇಲೆ ಬಾರ್ ಅಲ್ಲಾಡಲು ಶುರು. ಪಾಲಿಯುರೆಥೇನ್ (ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್) ಬುಷ್ ಬೇರೆ, ಅದಕ್ಕೆ ಸಿಲಿಕೋನ್ ಗ್ರೀಸ್ ಹಚ್ಚಿಯೇ ಕೂರಿಸಬೇಕು.

ಒಂದೇ ಮಾಡೆಲ್‌ನಲ್ಲೂ ವೇರಿಯಂಟ್ ಬದಲಾದರೆ ಬಾರ್‌ನ ದಪ್ಪ ಬದಲಾಗಬಹುದು. ಬುಷ್ ಕೂರುವ ಜಾಗದ ಮಣ್ಣು, ತುಕ್ಕು ಉಜ್ಜಿ ತೆಗೆದು, ಅಲ್ಲೇ ವರ್ನಿಯರ್ (ದಪ್ಪ ಅಳೆಯುವ ಸಾಧನ) ಇಟ್ಟು ಅಳೆಯಿರಿ. 22 ಮಿ.ಮೀ. ಬಾರ್‌ಗೆ 24 ಮಿ.ಮೀ. ಬುಷ್ ಹಾಕಿದರೆ ಹೊಸದಾದರೂ ಟಕ್ ಟಕ್ ಅನ್ನುತ್ತದೆ, ಅಲ್ವಾ?

ಬಾರ್‌ಗೆ ಸಿಕ್ಕಿಸಲು ಬುಷ್‌ನಲ್ಲೇ ಒಂದು ಸೀಳು ಇರುತ್ತದೆ. ಹೊಸದನ್ನೂ ಹಾಗೇ ಕೂರಿಸಲು, ಹಳೆಯದರ ಸೀಳು ಯಾವ ಕಡೆಗಿತ್ತು ಅಂತ ಬಿಚ್ಚುವ ಮೊದಲೇ ಫೋಟೊ ತೆಗೆದುಕೊಳ್ಳಿ. ಒಂದೇ ಚಕ್ರ ಎತ್ತಿದರೆ ಬಾರ್ ತಿರುಚಿ ನಿಲ್ಲುತ್ತದೆ. ಎರಡೂ ಕಡೆ ಸಮ ಎತ್ತರದಲ್ಲಿಟ್ಟು, ಸರ್ವಿಸ್ ಮ್ಯಾನ್ಯುಯಲ್ ಹೇಳಿದಷ್ಟೇ ಬೋಲ್ಟ್ ಬಿಗಿ ಮಾಡಿ.

ದಯವಿಟ್ಟು ಆ ಮೆಸೇಜ್ ಇನ್ನು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗ್ರೂಪಿಗೆ ಇದನ್ನೂ ಹಾಕಿ.