ಕತ್ತರಿ ಬಿದ್ದದ್ದು ಪೂರ್ವರಂಗಕ್ಕೆ

ಪತ್ತನಾಜೆಗೆ (ತುಳುನಾಡಿನಲ್ಲಿ ಆಟದ ಋತು ಮುಗಿಯುವ ದಿನ) ಗೆಜ್ಜೆ ಬಿಚ್ಚಿದ ತೆಂಕುತಿಟ್ಟಿನ, ಎಂದರೆ ದಕ್ಷಿಣದ ಶೈಲಿಯ, ಯಕ್ಷಗಾನ ಮೇಳಗಳ ತಿರುಗಾಟದ ಬಗ್ಗೆ ನಿಮ್ಮ ಲೇಖನದಲ್ಲಿ ಬರೆಯುತ್ತ, ಬೆಳಗಿನವರೆಗಿನ ಆಟವನ್ನು ಮೊಟಕು ಮಾಡುವ ಕಾಲಮಿತಿಯಿಂದ ಕಲೆಗೆ ನಷ್ಟವೇನೂ ಆಗಿಲ್ಲ ಎಂದಿದ್ದೀರಿ. ಒಪ್ಪಲಾರೆ. ಆಟ ನಡುರಾತ್ರಿಗೇ ಮುಗಿದರೆ ಮಕ್ಕಳೂ ಕೊನೆತನಕ ಕೂರುತ್ತಾರೆ, ನಿಜ. ಆದರೆ ಮೊದಲು ಕತ್ತರಿ ಬಿದ್ದದ್ದು ಪೂರ್ವರಂಗಕ್ಕೆ, ಎಂದರೆ ಕಥೆಗೆ ಮೊದಲು ಬರುವ ವೇಷಗಳ ಕುಣಿತಕ್ಕೆ. ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ: ಹೊಸ ಹುಡುಗರು ಚೆಂಡೆ-ಮದ್ದಳೆಗೆ ಹೆಜ್ಜೆ ಕೂಡಿಸಲು ಕಲಿಯುತ್ತಿದ್ದದ್ದೇ ಅಲ್ಲಿ. ಇನ್ನು ರಾಕ್ಷಸ ಪಾತ್ರಗಳ ಬಣ್ಣದ ವೇಷ. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖಕ್ಕೆ ಒಂದೊಂದೇ ಚುಟ್ಟಿ (ಮುಳ್ಳಿನಂತೆ ಎದ್ದು ನಿಲ್ಲುವ ಬಿಳಿ ಚುಕ್ಕೆ) ಇಡಲು ಗಂಟೆಗಟ್ಟಲೆ ಬೇಕು. ಅಷ್ಟು ಹೊತ್ತು ಚೌಕಿಯಲ್ಲಿ (ಬಣ್ಣದ ಮನೆಯಲ್ಲಿ) ಕೂತ ಕಲಾವಿದನಿಗೆ ರಂಗದಲ್ಲಿ ಸಿಗುವುದು ಅವಸರದ ಒಡ್ಡೋಲಗ (ಪ್ರವೇಶದ ಕುಣಿತ), ನಾಲ್ಕು ಪದ್ಯ. ಇದು ಅನ್ಯಾಯ. ಸಮಯ ಉಳಿಸಲೇಬೇಕಿದ್ದರೆ ನಡುವಿನ ಸಭೆ, ಸನ್ಮಾನ, ಭಾಷಣಗಳನ್ನು ಬಿಡಲಿ. ಮುಂದಿನ ತಿರುಗಾಟದಲ್ಲಿ ಪೂರ್ವರಂಗಕ್ಕೆ ಅರ್ಧ ಗಂಟೆಯಾದರೂ ಕೊಡಲಿ.